ಇಲಿಮರಿಯ ಬಾಲ್ಯ, ಬೆಳೆದ ಇಲಿಯ ವ್ಯಸನ: ಈ ಪ್ರಯೋಗಗಳನ್ನು ತರಗತಿಯಲ್ಲಿ ಓದಿಸುವ ಬಗೆ

ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಹತ್ತಿರವಾದಂತೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಭಾಷಣ, ಭಿತ್ತಿಪತ್ರ, ಪ್ರತಿಜ್ಞೆಗಳ ಸಿದ್ಧತೆ ಶುರುವಾಗುತ್ತದೆ. ಈಚೆಗೆ ಆ ಭಾಷಣಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: ತಾಯಿಯ ಆರೈಕೆ ತಪ್ಪಿದ ಇಲಿಮರಿಗಳು ಬೆಳೆದ ಮೇಲೆ ಅಮಲಿಗೆ ಬೇಗ ಅಂಟಿಕೊಳ್ಳುತ್ತವೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ತನ್ನ ಹಣೆಬರಹ ಆಗಲೇ ಬರೆದಾಗಿದೆ ಎಂದುಕೊಳ್ಳುತ್ತಾನೆ. ಪಿಟಿಎ ಸಭೆಗೆ ಬಂದ ತಾಯಿಯೊಬ್ಬಳು ತಲೆ ತಗ್ಗಿಸುತ್ತಾಳೆ. ಇಬ್ಬರನ್ನೂ ನಾನು ನೋಡಿದ್ದೇನೆ.

ನಾನು ಬದಿಯಡ್ಕ ಕಡೆಯ ಶಾಲೆಯೊಂದರಲ್ಲಿ ಪ್ಲಸ್ ಟು ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಶಾಲೆಯ ಮಾದಕ ವಸ್ತು ವಿರೋಧಿ ಕ್ಲಬ್ಬಿನ ಹೊಣೆಯೂ ನನ್ನದೇ. ಹನ್ನೆರಡನೆಯ ತರಗತಿಯ ಪಠ್ಯದಲ್ಲಿ ಮನುಷ್ಯನ ಆರೋಗ್ಯ ಮತ್ತು ರೋಗಗಳ ಅಧ್ಯಾಯ ಇದೆ. ಅದರಲ್ಲಿ ಒಪಿಯಾಯ್ಡ್ (ಅಫೀಮಿನ ಬಗೆಯವು), ಕ್ಯಾನಬಿನಾಯ್ಡ್ (ಗಾಂಜಾದ ಬಗೆಯವು), ಕೊಕೇನ್‌ಗಳ ಬಗ್ಗೆ ಕೆಲವು ಪುಟಗಳಿವೆ. ಆ ಪುಟಗಳ ಜೊತೆಗೆ ಈ ಇಲಿ ಪ್ರಯೋಗಗಳನ್ನು ಸೇರಿಸಿ ಎರಡು ಪೀರಿಯಡ್ಡಿನ ಪಾಠ ಮಾಡುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಸೆಮಿನಾರಿಗೆ ತಯಾರಾಗುವ ವಿದ್ಯಾರ್ಥಿಗಳಿಗೂ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡದಲ್ಲಿ ಪಾಠ ಮಾಡುವ ನನ್ನ ಸಹೋದ್ಯೋಗಿಗಳಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಪಾಠದ ಉದ್ದಕ್ಕೂ ನಾನು ಒಂದೇ ಪ್ರಶ್ನೆಯನ್ನು ಕೈಬಿಡುವುದಿಲ್ಲ: ಪಂಜರದಲ್ಲಿ ಮನುಷ್ಯನ ಕೈ ಬದಲಾಯಿಸಿದ್ದು ಏನನ್ನು? ತಾಯಿ ಇಲಿ ತಾನಾಗಿ ಮರಿಗಳನ್ನು ಬಿಟ್ಟು ಹೋಗಲಿಲ್ಲ. ಯಾರೋ ಮರಿಗಳನ್ನು ಎತ್ತಿಕೊಂಡರು, ಹಾಸನ್ನು ಕಡಿಮೆ ಮಾಡಿದರು, ಜೊತೆಗಾರರನ್ನು ಬೇರ್ಪಡಿಸಿದರು. ಮಕ್ಕಳು ಇದನ್ನು ಮನಗಂಡರೆ ಉಳಿದದ್ದು ಸುಲಭ.

ಮೊದಲು ಇಲಿಯ ಕ್ಯಾಲೆಂಡರ್

ಯಾವ ಪ್ರಯೋಗದ ಹೆಸರನ್ನೂ ಹೇಳುವ ಮೊದಲು ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆಯಿರಿ. ಎಡ ತುದಿಯಲ್ಲಿ ಹುಟ್ಟು. ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ತಾಯಿ ನೆಕ್ಕಿದರೆ ಮಾತ್ರ ಮೂತ್ರ ಹೋಗುತ್ತದೆ. ಗೆರೆಯ ಮೇಲೆ 14ನೆಯ ದಿನದ ಹತ್ತಿರ ಕಣ್ಣು ತೆರೆಯುವುದನ್ನು ಗುರುತಿಸಿ. 21ನೆಯ ದಿನ ಹಾಲು ಬಿಡಿಸುವುದು. ನಾಲ್ಕು ವಾರ ದಾಟಿದ ಮೇಲೆ ಹರೆಯ. 60 ದಿನ ಕಳೆದರೆ ಪ್ರಾಯಕ್ಕೆ ಬಂದ ಇಲಿ.

ಈ ಗೆರೆಯ ಮೇಲೆ 4ರಿಂದ 14ರವರೆಗಿನ ಭಾಗಕ್ಕೆ ಬಣ್ಣದ ಸೀಮೆಸುಣ್ಣ ಹಾಕಿ. ಆ ದಿನಗಳಲ್ಲಿ ಆರೋಗ್ಯವಂತ ಮರಿಯ ದೇಹ ಸಣ್ಣಪುಟ್ಟ ಒತ್ತಡಕ್ಕೆ ಹಾರ್ಮೋನಿನ ಮೂಲಕ ಪ್ರತಿಕ್ರಿಯಿಸುವುದು ಬಹಳ ಕಡಿಮೆ. ಇಲಿಯ ಒತ್ತಡದ ಹಾರ್ಮೋನು ಕಾರ್ಟಿಕೋಸ್ಟೆರಾನ್; ಮನುಷ್ಯನಲ್ಲಿ ಅದೇ ಕೆಲಸವನ್ನು ಕಾರ್ಟಿಸಾಲ್ ಮಾಡುತ್ತದೆ. ತಾಯಿಯ ಬಿಸಿ, ಹಾಲು, ನೆಕ್ಕುವಿಕೆ ಇವೇ ಆ ಹಾರ್ಮೋನನ್ನು ತಗ್ಗಿಸಿ ಇಟ್ಟಿರುತ್ತವೆ. ತಾಯಿ ಬಹಳ ಹೊತ್ತು ಇಲ್ಲದೆ ಹೋದರೆ ಆ ತಡೆ ಮುರಿಯುತ್ತದೆ. ಬಹುತೇಕ ಪ್ರಯೋಗಗಳು ಹುಟ್ಟಿದ ಮೊದಲ ಎರಡು ವಾರಗಳ ಮೇಲೆ ಕಣ್ಣಿಟ್ಟಿರುವುದು ಅದಕ್ಕೇ.

ಈ ಗೆರೆಯನ್ನು ಪಾಠ ಮುಗಿಯುವವರೆಗೂ ಅಳಿಸಬೇಡಿ. ಯಾವುದೇ ಪ್ರಯೋಗದ ಮಾತು ಬಂದಾಗ ಮಕ್ಕಳೊಬ್ಬರು ಎದ್ದು ಬಂದು ಅದು ಯಾವ ದಿನದಿಂದ ಯಾವ ದಿನದವರೆಗೆ ನಡೆಯಿತು ಎಂದು ಗುರುತು ಹಾಕಬೇಕು. ಬಾಲ್ಯ ಎಂಬ ಮಾತಿನಡಿ ಹುಟ್ಟಿದ ಎರಡನೆಯ ದಿನವೂ ಬರುತ್ತದೆ, ಹಾಲು ಬಿಡಿಸಿದ ನಂತರದ ಒಂಟಿತನವೂ ಬರುತ್ತದೆ. ಎರಡರ ಪರಿಣಾಮ ಒಂದೇ ಅಲ್ಲ.

ಏನು ಮಾಡಿದರು, ಎಷ್ಟು ಹೊತ್ತು ಮಾಡಿದರು

ಎರಡನೆಯ ಹೆಜ್ಜೆಗೆ ನಾನು ಅತಿ ಹೆಚ್ಚು ಹೊತ್ತು ಕೊಡುತ್ತೇನೆ. ಪತ್ರಿಕೆಯ ಸುದ್ದಿಗಳು ಮುಗ್ಗರಿಸುವುದು ಇಲ್ಲೇ.

1957ರಲ್ಲಿ ಸೈಮೂರ್ ಲೆವಿನ್ ಎಂಬ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ಪ್ರಯೋಗದಿಂದ ಶುರು ಮಾಡಿ. ಅವರು ಇಲಿಮರಿಗಳನ್ನು ದಿನಕ್ಕೆ ಕೆಲವೇ ನಿಮಿಷ ತಾಯಿಯಿಂದ ಎತ್ತಿಕೊಂಡು ಮತ್ತೆ ಬಿಡುತ್ತಿದ್ದರು. ಬೆಳೆದ ಮೇಲೆ ಆ ಇಲಿಗಳು ಒತ್ತಡವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು. ಯಾರೂ ಮುಟ್ಟದೆ ಬಿಟ್ಟ ಇಲಿಗಳೇ ಹೆಚ್ಚು ತತ್ತರಿಸಿದವು. ಇದನ್ನು ಕೇಳಿದ ಕೂಡಲೇ ಮಕ್ಕಳ ಮುಖದಲ್ಲಿ ಗೊಂದಲ ಕಾಣುತ್ತದೆ. ಬೇರ್ಪಡಿಸುವುದು ಕೆಟ್ಟದ್ದಲ್ಲವೇ ಟೀಚರ್ ಎಂದು ಕೇಳುತ್ತಾರೆ. ಆ ಗೊಂದಲ ಅಲ್ಲೇ ಇರಲಿ, ಉತ್ತರ ಹೇಳಲು ಅವಸರ ಮಾಡಬೇಡಿ.

ನಂತರ 15 ನಿಮಿಷ ಮತ್ತು 180 ನಿಮಿಷ ಎಂಬ ಎರಡು ಅಂಕಿಗಳನ್ನು ಬರೆಯಿರಿ. 1990ರ ದಶಕದಲ್ಲಿ ಪಾಲ್ ಪ್ಲಾಟ್ಸ್ಕಿ ಮತ್ತು ಮೈಕೆಲ್ ಮೀನಿ ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಿದರು. ದಿನಕ್ಕೆ 15 ನಿಮಿಷ ಬೇರೆ ಇದ್ದ ಮರಿಗಳು ಬೆಳೆದಾಗ ಒತ್ತಡದ ಹಾರ್ಮೋನಿನ ಏರಿಕೆ ಕಡಿಮೆ, ಮೂರು ಗಂಟೆ ಬೇರೆ ಇದ್ದವುಗಳಲ್ಲಿ ಹೆಚ್ಚು. ವಿವರಣೆಯ ಒಂದು ಮುಖ್ಯ ಎಳೆ ತಾಯಿಯ ವರ್ತನೆಯಲ್ಲಿದೆ. ಸ್ವಲ್ಪ ಹೊತ್ತಿನ ನಂತರ ಮರಿಗಳು ಮರಳಿ ಬಂದಾಗ ತಾಯಿ ಅವುಗಳನ್ನು ಹಿಂದಿಗಿಂತ ಹೆಚ್ಚು ನೆಕ್ಕಿ ನೇವರಿಸುತ್ತದೆ. ಇಲಿ ಮೇವು ಹುಡುಕಲು ಹೊರಗೆ ಹೋಗಿ ಬರುವಷ್ಟು ಹೊತ್ತು ಅದು, ಅಷ್ಟು ಅಗಲಿಕೆ ಅದರ ಬದುಕಿನಲ್ಲಿ ಇದ್ದದ್ದೇ. ದಿನದಿನವೂ ಮೂರು ಗಂಟೆ ಬೇರೆಯ ಮಾತು.

ಮೂರನೆಯ ಬಗೆ ಒಂಟಿ ಬೇರ್ಪಡೆ. ತೆರೇಸ್ ಕಾಸ್ಟೆನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮರಿಗಳನ್ನು ಹುಟ್ಟಿದ 2ನೆಯ ದಿನದಿಂದ 9ನೆಯ ದಿನದವರೆಗೆ ದಿನಕ್ಕೆ ಒಂದು ಗಂಟೆ ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ದೂರ, ಒಂದೊಂದಾಗಿ ಇಟ್ಟರು. ಬೆಳೆದ ಮೇಲೆ ಈ ಇಲಿಗಳು ಕೊಕೇನನ್ನು ತಾವೇ ಪಡೆಯುವುದನ್ನು ಬೇಗ ಕಲಿತವು. ಒಂದೇ ಗಂಟೆ ಎಂದು ಹಗುರಾಗಿ ನೋಡಬೇಡಿ. ಒಡಹುಟ್ಟಿದವುಗಳ ಮೈಬಿಸಿಯೂ ಇಲ್ಲದ ಗಂಟೆ ಅದು.

ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ನಾಲ್ಕನೆಯ ಬಗೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಟ್ಯಾಲಿ ಬರಾಮ್ ಅವರ ಪ್ರಯೋಗಾಲಯ ಬೆಳೆಸಿದ ವಿಧಾನದಲ್ಲಿ ಮರಿಗಳನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ತಾಯಿಯೂ ಅಲ್ಲೇ ಇರುತ್ತದೆ. ಆದರೆ ಸುಮಾರು ಒಂದು ವಾರ ಪಂಜರದಲ್ಲಿ ಹಾಸು ತೀರ ಕಡಿಮೆ, ಗೂಡು ಕಟ್ಟಲು ಸಾಮಗ್ರಿ ಇಲ್ಲವೆನ್ನುವಷ್ಟು ಅಲ್ಪ. ತಾಯಿ ಮರಿಗಳ ಬಳಿ ಬರುತ್ತದೆ, ಎದ್ದು ಹೋಗುತ್ತದೆ, ಮತ್ತೆ ಬರುತ್ತದೆ, ಅರ್ಧಕ್ಕೆ ಬಿಡುತ್ತದೆ. ಆರೈಕೆಯ ಒಟ್ಟು ಹೊತ್ತಿಗಿಂತ ಅದು ಚೂರುಚೂರಾದದ್ದು, ಮುಂದೇನು ಎಂದು ಮರಿಗೆ ಊಹಿಸಲಾಗದಂತಾದದ್ದು ಹೆಚ್ಚು ಕೆಲಸ ಮಾಡುತ್ತದೆ ಎಂದು ಆ ಗುಂಪು ವಾದಿಸಿತು.

ಇಲ್ಲಿ ಪಾಠ ನಿಲ್ಲಿಸಿ ಮಕ್ಕಳನ್ನು ಕೇಳಿ: ಈ ತಾಯಿಯನ್ನು ದೂರುತ್ತೀರಾ? ಯಾರೂ ಹೌದು ಎನ್ನುವುದಿಲ್ಲ. ಹಾಸು ಕಸಿದುಕೊಂಡವರು ಯಾರು ಎಂದು ತಾವೇ ಹೇಳುತ್ತಾರೆ. ಬೆಳಗ್ಗೆ ಬೀಡಿ ಕಟ್ಟಿ, ಮಧ್ಯಾಹ್ನ ಅಡಕೆ ಸುಲಿದು, ಸಂಜೆ ಮಗುವನ್ನು ಮಡಿಲಿಗೆ ಎಳೆದುಕೊಳ್ಳುವ ತಾಯಂದಿರನ್ನು ನಮ್ಮ ಮಕ್ಕಳು ಬಲ್ಲರು. ನಾನು ಆ ಹೋಲಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮಕ್ಕಳೇ ಹೇಳಿದರೆ ತಡೆಯುವುದೂ ಇಲ್ಲ.

ಈ ಹಂತದಲ್ಲಿ ಮೀನಿ ಅವರ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಕೆಲಸವನ್ನೂ ಹೇಳಿಬಿಡಿ. ಕೆಲವು ತಾಯಿ ಇಲಿಗಳು ಸಹಜವಾಗಿಯೇ ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿದ ಮರಿಯನ್ನು ಹೆಚ್ಚು ನೆಕ್ಕುವ ತಾಯಿಯ ಮಡಿಲಿಗೆ ಹಾಕಿದಾಗ ಆ ಮರಿ ಸಾಕಿದ ತಾಯಿಯಂತೆ ಬೆಳೆಯಿತು ಎಂದು 1999ರಲ್ಲಿ ಅವರ ಗುಂಪು ತೋರಿಸಿತು. ಒತ್ತಡದ ಹಾರ್ಮೋನಿಗೆ ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ ಒಂದು ಗ್ರಾಹಕವಿದೆ (ರಿಸೆಪ್ಟರ್). ತಾಯಿಯ ನೆಕ್ಕುವಿಕೆ ಆ ಗ್ರಾಹಕದ ಜೀನಿನ ಮೇಲಿನ ಮೀಥೈಲ್ ಗುರುತುಗಳನ್ನೇ (ಜೀನು ಎಷ್ಟು ಕೆಲಸ ಮಾಡಬೇಕು ಎಂಬುದನ್ನು ಹಿಡಿತದಲ್ಲಿಡುವ ರಾಸಾಯನಿಕ ಗುರುತುಗಳನ್ನೇ) ಬದಲಿಸುತ್ತದೆ ಎಂದು 2004ರಲ್ಲಿ ಪ್ರಕಟವಾದ ಕೆಲಸ ಹೇಳಿತು. ಡಿಎನ್‌ಎ ಅಧ್ಯಾಯ ಓದಿದ ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ. ಆ ಗುರುತುಗಳನ್ನು ಬೆಳೆದ ಇಲಿಯಲ್ಲೂ ಔಷಧದಿಂದ ಬದಲಿಸಲು ಆಯಿತು ಎಂಬ ಅದೇ ಲೇಖನದ ಇನ್ನೊಂದು ಭಾಗವನ್ನು ಮರೆಯದೆ ಹೇಳಿ. ಅದನ್ನು ಬಿಟ್ಟರೆ ಜೀನಿಗೆ ಗುರುತು ಬಿದ್ದ ಮೇಲೆ ಮುಗಿಯಿತು ಎಂದು ಮಕ್ಕಳು ತಿಳಿಯುತ್ತಾರೆ.

ಯಾವುದರೊಡನೆ ಹೋಲಿಸಿದರು

ಮೂರು ಗಂಟೆ ಬೇರ್ಪಟ್ಟ ಇಲಿಗಳು ಹೆಚ್ಚು ಮದ್ಯ ಕುಡಿದವು ಎಂಬ ವಾಕ್ಯ ಕಂಡರೆ ಯಾವುದಕ್ಕಿಂತ ಹೆಚ್ಚು ಎಂದು ಕೇಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ. ಕೆಲವು ಲೇಖನಗಳಲ್ಲಿ ಹೋಲಿಕೆಯ ಗುಂಪು 15 ನಿಮಿಷದ ಗುಂಪು, ಕೆಲವದರಲ್ಲಿ ಯಾರೂ ಮುಟ್ಟದ ಗುಂಪು, ಇನ್ನು ಕೆಲವದರಲ್ಲಿ ಪ್ರಯೋಗಾಲಯದ ಮಾಮೂಲಿ ಸಾಕಣೆ. 15 ನಿಮಿಷದ ಅಗಲಿಕೆ ತಾನೇ ಕುಡಿತವನ್ನು ಕಡಿಮೆ ಮಾಡಬಹುದು. ಆಗ ಕಾಣುವ ವ್ಯತ್ಯಾಸ ಒಂದು ಗುಂಪು ಏರಿದ್ದರಿಂದ ಬಂತೋ, ಇನ್ನೊಂದು ಇಳಿದದ್ದರಿಂದ ಬಂತೋ ಎಂದು ಬಿಡಿಸಿ ನೋಡಬೇಕು. ಸ್ವೀಡನ್ನಿನ ಉಪ್ಸಾಲಾದ ಇಂಗ್ರಿಡ್ ನಿಲಾಂಡರ್ ಮತ್ತು ಎರಿಕಾ ರೋಮನ್ ಮದ್ಯದ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ 2013ರಲ್ಲಿ ಬರೆದ ವಿಮರ್ಶೆ ಇಂಥ ಪ್ರಶ್ನೆಗಳನ್ನೇ ಎತ್ತುತ್ತದೆ.

ಇದೇ ಜಾಗದಲ್ಲಿ ಸೂಲಿನ ಲೆಕ್ಕ ಮಾಡಿಸಿ. ನಾಲ್ಕು ತಾಯಿಯರಿಗೆ ತಲಾ ಹತ್ತು ಮರಿ ಎಂದುಕೊಳ್ಳಿ. ನಲವತ್ತು ಮರಿಗಳಿವೆ, ಆದ್ದರಿಂದ ನಲವತ್ತು ಸಾಕ್ಷ್ಯ ಎಂದು ಮಕ್ಕಳು ಹೇಳುತ್ತಾರೆ. ಒಂದೇ ಸೂಲಿನ ಮರಿಗಳಿಗೆ ಒಂದೇ ತಾಯಿ, ಒಂದೇ ಪಂಜರ, ಹತ್ತಿರದ ಜೀನುಗಳು. ಅವು ಒಂದನ್ನೊಂದು ಹೋಲುತ್ತವೆ. ಬೇರ್ಪಡಿಸಿದ್ದು ಇಡೀ ಸೂಲನ್ನಾದರೆ ನಿಜವಾದ ಲೆಕ್ಕ ನಾಲ್ಕಕ್ಕೆ ಹತ್ತಿರ. ಬಣ್ಣದ ಚೀಟಿಗಳನ್ನು ನಾಲ್ಕು ಲಕೋಟೆಗಳಲ್ಲಿ ಹಾಕಿ, ಪ್ರತಿ ಲಕೋಟೆಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಅಂಕಿಗಳನ್ನು ಬರೆದಿಡಿ. ಒಂದೇ ಲಕೋಟೆಯಿಂದ ಎಷ್ಟು ಚೀಟಿ ತೆಗೆದರೂ ಹೊಸ ವಿಷಯ ತಿಳಿಯುವುದಿಲ್ಲ ಎಂದು ಮಕ್ಕಳು ಕೈಯಾರೆ ಕಂಡುಕೊಳ್ಳುತ್ತಾರೆ.

ಗಂಡು ಹೆಣ್ಣುಗಳ ಪ್ರಶ್ನೆಯೂ ಇಲ್ಲೇ ಬರಲಿ. ಹಳೆಯ ಪ್ರಯೋಗಗಳಲ್ಲಿ ಬಹುಪಾಲು ಗಂಡು ಇಲಿಗಳೇ. ಹಾಸು ಕಡಿಮೆ ಮಾಡಿದ ಪಂಜರಗಳಲ್ಲಿ ಬೆಳೆದ ಗಂಡುಗಳಲ್ಲಿ ಸಿಹಿಯಂಥ ಸಹಜ ಸುಖದ ಮೇಲಿನ ಆಸೆ ತಗ್ಗುವುದು, ಹೆಣ್ಣುಗಳಲ್ಲಿ ಒಪಿಯಾಯ್ಡ್‌ಗಳ ಕಡೆ ಸೆಳೆತ ಹೆಚ್ಚುವುದು ಕಂಡುಬಂದಿದೆ. ಇಲಿಗಳು ಎಂದು ಒಟ್ಟಾಗಿ ಹೇಳುವ ವಾಕ್ಯದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ.

ವ್ಯಸನ ಎಂದು ಅಳೆದದ್ದು ಏನನ್ನು

ಇಲಿಗೆ ಎರಡು ಬಾಟಲಿ ಇಟ್ಟು ಒಂದರಲ್ಲಿ ನೀರು, ಇನ್ನೊಂದರಲ್ಲಿ ಮದ್ಯ ಬೆರೆಸಿದ ನೀರು ಕೊಡುವುದು ಒಂದು ವಿಧಾನ. ಕಂಠದ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ, ಇಲಿ ಸನ್ನೆಯೊಂದನ್ನು (ಲಿವರ್) ಒತ್ತಿದಾಗ ಮಾದಕ ದ್ರವ್ಯ ಒಳಗೆ ಹೋಗುವಂತೆ ಮಾಡುವುದು ಇನ್ನೊಂದು. ಓಡಾಡಿಕೊಂಡಿರುವ ಇಲಿಯಲ್ಲಿ ಇದನ್ನು ಸಾಧಿಸಿದ ಜೇಮ್ಸ್ ವೀಕ್ಸ್ 1962ರಲ್ಲಿ ಮಾರ್ಫಿನ್ ಬಗ್ಗೆ ಬರೆದರು. ಮೊದಲನೆಯದರಲ್ಲಿ ಹೆಚ್ಚು ಕುಡಿಯಿತು ಎಂದರೆ ರುಚಿ ಹಿಡಿಸಿತು ಎಂದೂ ಇರಬಹುದು. ಎರಡನೆಯದರಲ್ಲಿ ಬೇಗ ಕಲಿಯಿತು ಎಂದರೆ ಬಿಡಲಾರದ ಸ್ಥಿತಿಗೆ ಬಂತು ಎಂದು ಅರ್ಥವಲ್ಲ.

ಈ ವ್ಯತ್ಯಾಸವನ್ನು ಮನದಟ್ಟು ಮಾಡಿಸಲು 2004ರ ಫ್ರೆಂಚ್ ಪ್ರಯೋಗವೊಂದು ನೆರವಾಗುತ್ತದೆ. ವೆರೋನಿಕ್ ಡೆರೋಷ್-ಗಾಮೊನೆ ಮತ್ತು ಸಂಗಡಿಗರು ಇಲಿಗಳಿಗೆ ಸುಮಾರು ಮೂರು ತಿಂಗಳು ಕೊಕೇನ್ ಪಡೆಯುವ ಅವಕಾಶ ಕೊಟ್ಟರು. ಆಮೇಲೆ ಮೂರು ವಿಷಯ ನೋಡಿದರು: ಈಗ ಸಿಗುವುದಿಲ್ಲ ಎಂಬ ಸೂಚನೆ ಇದ್ದಾಗಲೂ ಕೊಕೇನಿಗಾಗಿ ಪ್ರಯತ್ನಿಸುತ್ತಲೇ ಇದೆಯೇ, ಒಂದು ಡೋಸಿಗಾಗಿ ಎಷ್ಟು ದುಡಿಯುತ್ತದೆ, ಪಾದಕ್ಕೆ ಶಾಕ್ ತಗುಲಿದರೂ ಬಿಡುವುದಿಲ್ಲವೇ. ಮೂರರಲ್ಲೂ ಸಿಕ್ಕಿಬಿದ್ದವು ಶೇಕಡಾ 17ರಷ್ಟು ಇಲಿಗಳು ಮಾತ್ರ. ಎಲ್ಲವೂ ಕೊಕೇನ್ ತೆಗೆದುಕೊಂಡಿದ್ದವು. ಈ ಅಂಕಿಯನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ. ಜೊತೆಗೆ ಒಂದು ಎಚ್ಚರಿಕೆಯನ್ನೂ ಸ್ಪಷ್ಟ ಮಾತಿನಲ್ಲಿ ಹೇಳಿ: ಇದು ಇಲಿಗಳ ಅಂಕಿ. ಒಮ್ಮೆ ರುಚಿ ನೋಡಿದರೆ ತೊಂದರೆಯಿಲ್ಲ ಎಂಬ ಅರ್ಥವನ್ನು ಇದರಿಂದ ತೆಗೆಯುವಂತಿಲ್ಲ, ಆ 17ರಲ್ಲಿ ತಾನಿದ್ದೇನೆಯೇ ಎಂದು ಮೊದಲೇ ತಿಳಿಯುವ ದಾರಿ ಯಾವ ಹುಡುಗನಿಗೂ ಇಲ್ಲ.

ಬಾಲ್ಯದ ಒತ್ತಡಕ್ಕೂ ಅಮಲಿಗೂ ನಂಟು ಎಲ್ಲಿ ಎಂಬುದನ್ನು ಎರಡು ವಾಕ್ಯದಲ್ಲಿ ಮುಗಿಸಿದರೆ ಸಾಕು. ಒತ್ತಡದ ಹಾರ್ಮೋನಿನ ವ್ಯವಸ್ಥೆಯೂ ಬಯಕೆಗೆ ಸಂಬಂಧಿಸಿದ ಡೋಪಮಿನ್ ದಾರಿಯೂ ಒಂದನ್ನೊಂದು ತಟ್ಟುತ್ತವೆ, ಎರಡೂ ಬಾಲ್ಯದಲ್ಲಿ ರೂಪುಗೊಳ್ಳುತ್ತಿರುತ್ತವೆ. ಬೇರ್ಪಟ್ಟು ಬೆಳೆದು ಹೆಚ್ಚು ಮದ್ಯ ಕುಡಿಯುತ್ತಿದ್ದ ಇಲಿಗಳಿಗೆ ಖಿನ್ನತೆಯ ಔಷಧವಾದ ಪರಾಕ್ಸೆಟಿನ್ ಕೊಟ್ಟಾಗ ಕುಡಿತ ತಗ್ಗಿತು ಎಂಬ 2001ರ ಫಲಿತಾಂಶ ಆ ನಂಟಿಗೆ ಒಳ್ಳೆಯ ಉದಾಹರಣೆ.

ನಾಲ್ಕು ಚೌಕಗಳು

ಎರಡನೆಯ ಪೀರಿಯಡ್ ಪೂರ್ತಿ ಒಂದೇ ಪ್ರಯೋಗಕ್ಕೆ ಮೀಸಲಿಡಿ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ರೂಸ್ ಅಲೆಕ್ಸಾಂಡರ್ ಅವರ ಇಲಿ ಪಾರ್ಕ್ ಎಂದರೆ ಹಲವರಿಗೆ ಗೊತ್ತು. ಒಂಟಿ ಪಂಜರದ ಇಲಿ ಮಾರ್ಫಿನ್ ಹೆಚ್ಚು ಕುಡಿಯಿತು, ವಿಶಾಲ ಜಾಗದಲ್ಲಿ ಗುಂಪಾಗಿ ಬದುಕಿದ ಇಲಿ ಕಡಿಮೆ ಕುಡಿಯಿತು ಎಂಬ ಕತೆ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. 1981ರಲ್ಲಿ ಅದೇ ಗುಂಪು ಪ್ರಕಟಿಸಿದ ಮತ್ತೊಂದು ಪ್ರಯೋಗದ ಬಗ್ಗೆ ಮಾತಾಡುವವರು ಕಡಿಮೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಅದು.

ಬೋರ್ಡಿನಲ್ಲಿ ಒಂದು ಚೌಕ ಬರೆದು ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಿರಿ. ಮೇಲೆ, ಹಾಲು ಬಿಡಿಸಿದಂದಿನಿಂದ 65ನೆಯ ದಿನದವರೆಗೆ ಎಲ್ಲಿ ಬೆಳೆಯಿತು: ಒಂಟಿಯಾಗಿ ಅಥವಾ ಗುಂಪಿನಲ್ಲಿ. ಎಡಕ್ಕೆ, 65ನೆಯ ದಿನದ ನಂತರ ಎಲ್ಲಿತ್ತು: ಒಂಟಿಯಾಗಿ ಅಥವಾ ಗುಂಪಿನಲ್ಲಿ. 65ನೆಯ ದಿನ ಪ್ರತಿ ಕಡೆಯ ಅರ್ಧ ಇಲಿಗಳನ್ನು ಆಚೆ ಈಚೆ ಬದಲಿಸಿದರು. ಹೀಗೆ ನಾಲ್ಕು ಗುಂಪು: ಉದ್ದಕ್ಕೂ ಒಂಟಿ, ಉದ್ದಕ್ಕೂ ಗುಂಪು, ಒಂಟಿಯಿಂದ ಗುಂಪಿಗೆ ಬಂದವು, ಗುಂಪಿನಿಂದ ಒಂಟಿಯಾದವು. 80ನೆಯ ದಿನದಿಂದ ನೀರಿನ ಜೊತೆ ಸಕ್ಕರೆ ಬೆರೆಸಿದ ಮಾರ್ಫಿನ್ ದ್ರಾವಣವನ್ನು ಬೇರೆ ಬೇರೆ ಸಾಂದ್ರತೆಯಲ್ಲಿ ಇಟ್ಟರು. ಮಾರ್ಫಿನ್ ಇಲ್ಲದ ಸಿಹಿ ದ್ರಾವಣ, ಕಹಿ ಬೆರೆತ ಸಿಹಿ ದ್ರಾವಣಗಳನ್ನೂ ಕೊಟ್ಟು ನೋಡಿದರು.

ಫಲಿತಾಂಶ ಹೇಳುವ ಮೊದಲು ಪ್ರತಿ ಚೌಕದಲ್ಲಿ ಹೆಚ್ಚು ಅಥವಾ ಕಡಿಮೆ ಎಂದು ಬರೆಯಲು ಮಕ್ಕಳಿಗೆ ಹೇಳಿ. ಒಂಟಿಯಾಗಿ ಬೆಳೆದು ಗುಂಪಿಗೆ ಬಂದ ಇಲಿಯ ಚೌಕದಲ್ಲಿ ನಮ್ಮ ಮಕ್ಕಳಲ್ಲಿ ಬಹುತೇಕರು ಹೆಚ್ಚು ಎಂದೇ ಬರೆಯುತ್ತಾರೆ. ಬಾಲ್ಯದ ಬಗ್ಗೆ ಅವರು ಕೇಳಿರುವುದೆಲ್ಲ ಹಾಗೆಯೇ ಇದೆ.

ನಡೆದದ್ದು ಇಷ್ಟು. ಪರೀಕ್ಷೆಯ ಹೊತ್ತಿಗೆ ಗುಂಪಿನಲ್ಲಿದ್ದ ಇಲಿಗಳು ಒಂಟಿ ಇಲಿಗಳಿಗಿಂತ ಕಡಿಮೆ ಮಾರ್ಫಿನ್ ಕುಡಿದವು. ಮಾರ್ಫಿನ್ ಇಲ್ಲದ ದ್ರಾವಣಗಳನ್ನು ಅವು ಕಡಿಮೆಯೇನೂ ಕುಡಿಯಲಿಲ್ಲ. ಹಾಗಾಗಿ ಇದು ಸಿಹಿಯ ಮಾತಲ್ಲ. ಒಂಟಿಯಾಗಿ ಬೆಳೆದು ಗುಂಪಿಗೆ ಬಂದವುಗಳಲ್ಲಿ ಮೊದಲಿನಿಂದ ಗುಂಪಿನಲ್ಲಿದ್ದವುಗಳಿಗಿಂತ ಕೊಂಚ ಹೆಚ್ಚು ಕುಡಿಯುವ ಒಲವು ಕಂಡಿತು. ಆದರೆ ಅತಿ ಕಡಿಮೆ ಸಾಂದ್ರತೆಯ ದ್ರಾವಣದಲ್ಲಿ ಮಾತ್ರ ಆ ವ್ಯತ್ಯಾಸ ಅಂಕಿಅಂಶದ ಪರೀಕ್ಷೆಯಲ್ಲಿ ನಿಂತಿತು.

ಈ ಕೊನೆಯ ಅಂಶವನ್ನು ನಿಧಾನವಾಗಿ ಓದಿಸಿ. ಹಿಂದಿನ ಒಂಟಿತನದ ಗುರುತು ಪೂರ್ತಿ ಅಳಿಸಿಹೋಗಿಲ್ಲ. ಆದರೂ ಇಂದು ಯಾರ ಜೊತೆ ಇದೆ ಎಂಬುದು ಹೆಚ್ಚು ತೂಗಿತು. ಎರಡು ಮಾತನ್ನೂ ಒಟ್ಟಿಗೆ ಹೇಳಲು ಬಂದ ಮಗು ಈ ವಿಷಯವನ್ನು ಸರಿಯಾಗಿ ಓದಿದೆ ಎಂದು ನಾನು ತಿಳಿಯುತ್ತೇನೆ.

ಬೋರ್ಡಿನ ಕ್ಯಾಲೆಂಡರಿಗೆ ಮರಳಿ ಹೋಗಿ ಗುರುತು ಹಾಕಿಸಿ: ಇಲ್ಲಿ ಬಾಲ್ಯ ಎಂದರೆ 21ನೆಯ ದಿನದ ನಂತರ. ತಾಯಿಯ ಹಾಲಿನ ದಿನಗಳ ಬಗ್ಗೆ ಈ ಪ್ರಯೋಗ ಏನೂ ಹೇಳುವುದಿಲ್ಲ. ಇಲಿ ಪಾರ್ಕಿನ ಫಲಿತಾಂಶಗಳು ಬೇರೆಯವರು ಮರುಮಾಡಿದಾಗ ಪ್ರತಿ ಸಲವೂ ಹಾಗೇ ಬರಲಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಆದ್ದರಿಂದ ಇದೊಂದನ್ನೇ ನೆಚ್ಚದೆ ಇನ್ನೂ ಮೂರು ಕೆಲಸಗಳನ್ನು ಪಕ್ಕದಲ್ಲಿಡಿ. ತಾಯಿಯಿಂದ ಬೇರ್ಪಟ್ಟ ಮರಿಗಳನ್ನು ಹಾಲು ಬಿಟ್ಟ ಮೇಲೆ ಆಟಿಕೆ, ಸುರಂಗ, ಜೊತೆಗಾರರಿರುವ ದೊಡ್ಡ ಪಂಜರದಲ್ಲಿ ಬೆಳೆಸಿದಾಗ ಒತ್ತಡದ ಪ್ರತಿಕ್ರಿಯೆ ಸರಿಹೋಯಿತು ಎಂದು 2002ರಲ್ಲಿ ಫ್ರಾನ್ಸಿಸ್, ಪ್ಲಾಟ್ಸ್ಕಿ, ಮೀನಿ ಮುಂತಾದವರು ತೋರಿಸಿದರು. ಕೊಕೇನ್ ರೂಢಿಯಾದ ಸುಂಡಿಲಿಗಳನ್ನು (ಮೈಸ್) ಅಂಥ ಪಂಜರಕ್ಕೆ ಬದಲಿಸಿದಾಗ ವ್ಯಸನದ ಲಕ್ಷಣಗಳು ಹಿಂದೆ ಸರಿದವು ಎಂದು 2008ರಲ್ಲಿ ಮಾರ್ಸೆಲ್ಲೊ ಸೊಲಿನಾಸ್ ಗುಂಪು ಬರೆಯಿತು. 2018ರಲ್ಲಿ ಮಾರ್ಕೊ ವೆನ್ನಿರೊ ಮತ್ತು ಯಾವಿನ್ ಶಹಾಮ್ ಅವರ ಪ್ರಯೋಗದಲ್ಲಿ ಒಂದು ಸನ್ನೆ ಒತ್ತಿದರೆ ಮಾದಕ ದ್ರವ್ಯ, ಇನ್ನೊಂದು ಒತ್ತಿದರೆ ಬಾಗಿಲು ತೆರೆದು ಜೊತೆಗಾರ ಇಲಿ. ಇಲಿಗಳು ಜೊತೆಗಾರನನ್ನೇ ಆರಿಸಿಕೊಂಡವು. ಜೊತೆಗಾರ ಬರುವುದು ತಡವಾದಾಗ, ಬಾಗಿಲು ತೆರೆಯಲು ಶಾಕ್ ತಗುಲುವಂತೆ ಮಾಡಿದಾಗ ಮಾತ್ರ ಅವು ಮಾದಕ ದ್ರವ್ಯದ ಕಡೆ ತಿರುಗಿದವು.

ಕೋತಿಗಳ ಒಂದು ಪ್ರಯೋಗವೂ ಇದೆ. 1991ರಲ್ಲಿ ಡೀ ಹಿಗ್ಲಿ, ಸ್ಟೀಫನ್ ಸುವೋಮಿ ಮತ್ತಿತರರು ತಾಯಿಯಿಲ್ಲದೆ ಓರಗೆಯವರ ಜೊತೆ ಮಾತ್ರ ಬೆಳೆದ ರೀಸಸ್ ಕೋತಿಗಳು ತಾಯಿಯೊಡನೆ ಬೆಳೆದವಕ್ಕಿಂತ ಹೆಚ್ಚು ಮದ್ಯ ಕುಡಿದವು ಎಂದು ವರದಿ ಮಾಡಿದರು. ಭಾಷಣಗಳು ಇಲ್ಲಿಗೆ ನಿಲ್ಲುತ್ತವೆ. ಅದೇ ವರದಿಯ ಮುಂದಿನ ಭಾಗ: ಗುಂಪಿನಿಂದ ಬೇರ್ಪಡಿಸಿ ಒಂಟಿ ಮಾಡಿದಾಗ ತಾಯಿಯೊಡನೆ ಬೆಳೆದ ಕೋತಿಗಳೂ ಓರಗೆಯವರೊಡನೆ ಬೆಳೆದವುಗಳ ಮಟ್ಟಕ್ಕೆ ಕುಡಿದವು. ಒಳ್ಳೆಯ ಮನೆಯ ಹುಡುಗ, ಅವನಿಗೇನೂ ಆಗದು ಎಂಬ ನಮ್ಮ ನಂಬಿಕೆಯನ್ನು ಪರೀಕ್ಷಿಸಲು ಈ ಭಾಗ ಬೇಕು.

ಪ್ರಶ್ನೆಗಳನ್ನು ಚೀಟಿಯಲ್ಲಿ ತೆಗೆದುಕೊಳ್ಳಿ

ಪಾಠದ ಕೊನೆಗೆ ಕೈ ಎತ್ತಿಸಿ ಪ್ರಶ್ನೆ ಕೇಳಬೇಡಿ. ಹೆಸರಿಲ್ಲದ ಚೀಟಿ ಬರೆಸಿ ಪೆಟ್ಟಿಗೆಗೆ ಹಾಕಿಸಿ. ಯಾರ ಮನೆಯ ಉದಾಹರಣೆಯನ್ನೂ ತರಗತಿಯಲ್ಲಿ ತರಬಾರದು ಎಂದು ಮೊದಲೇ ಹೇಳಿ, ನೀವೂ ತರಬೇಡಿ. ಕಾಸರಗೋಡಿನ ತರಗತಿಯಲ್ಲಿ ಒಂದು ಚೀಟಿ ಬಂದೇ ಬರುತ್ತದೆ: ನಾನು ಚಿಕ್ಕವನಿದ್ದಾಗಿನಿಂದ ಅಪ್ಪ ಗಲ್ಫಿನಲ್ಲಿದ್ದಾರೆ, ನನಗೂ ಹೀಗೆ ಆಗುತ್ತದೆಯೇ?

ಇದಕ್ಕೆ ನೇರವಾಗಿ ಉತ್ತರಿಸಿ. ಈ ಪ್ರಯೋಗಗಳು ಕಣ್ಣು ತೆರೆಯದ ಮರಿಯಿಂದ ಹಾಲನ್ನೂ ಬಿಸಿಯನ್ನೂ ಕಸಿದ ಬಗ್ಗೆ. ದುಡಿಯಲು ಹೋಗಿ ದಿನವೂ ಫೋನಿನಲ್ಲಿ ಮಾತಾಡುವ ಅಪ್ಪನ ಬಗ್ಗೆ ಅಲ್ಲ. ಅಜ್ಜಿ, ಅತ್ತೆ, ಮಾವ, ನೆರೆಮನೆಯ ಅಕ್ಕ ಎಲ್ಲರ ಕೈಯಲ್ಲಿ ಬೆಳೆಯುವ ಮನುಷ್ಯರ ಮಗುವಿನ ಸ್ಥಿತಿ ಪಂಜರದಲ್ಲಿ ಇಲ್ಲ. ಮನುಷ್ಯರಲ್ಲೂ ಬಾಲ್ಯದ ಹಿಂಸೆ, ಕಡೆಗಣನೆಗಳಿಗೂ ಮುಂದಿನ ಮಾದಕ ವ್ಯಸನಕ್ಕೂ ಸಂಬಂಧ ಕಂಡುಬಂದಿದೆ ನಿಜ, ಅದನ್ನೂ ಹೇಳಿ. ಆದರೆ ಅದು ಅಪಾಯ ಹೆಚ್ಚುವುದರ ಲೆಕ್ಕ, ಒಬ್ಬ ವ್ಯಕ್ತಿಯ ಭವಿಷ್ಯವಾಣಿ ಅಲ್ಲ.

ನಾವೂ ಇಲಿ ಸಾಕಿ ನೋಡಬಹುದೇ ಎಂಬ ಚೀಟಿಯೂ ಬರುತ್ತದೆ. ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನೋಂದಾಯಿತ ಸಂಸ್ಥೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥ ಪ್ರಯೋಗ ನಡೆಸುವಂತಿಲ್ಲ. ಬರೆದಿಟ್ಟ ಫಲಿತಾಂಶಗಳನ್ನು ಚೆನ್ನಾಗಿ ಓದುವುದೇ ನಮ್ಮ ಪಾಲಿನ ಕೆಲಸ, ಅದು ಸಣ್ಣದೇನಲ್ಲ.

ಚೀಟಿಯ ಬರಹದಿಂದ ಯಾರೋ ಈಗಾಗಲೇ ತೊಂದರೆಯಲ್ಲಿದ್ದಾರೆ ಎಂದು ಅನ್ನಿಸಿದರೆ ಕೈಬರಹ ನೋಡಿ ಹುಡುಕಲು ಹೋಗಬೇಡಿ. ಶಾಲೆಯ ಸಮಾಲೋಚಕರು ಯಾವ ದಿನ, ಯಾವ ಕೋಣೆಯಲ್ಲಿ ಇರುತ್ತಾರೆ ಎಂದು ಇಡೀ ತರಗತಿಗೆ ಹೇಳಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡನ್ನೂ ಬೋರ್ಡಿನ ಮೂಲೆಯಲ್ಲಿ ಬರೆದು, ಮರುದಿನದ ಮೊದಲ ಪೀರಿಯಡ್ಡಿಗೆ ಬರುವ ಟೀಚರಿಗೂ ಅಳಿಸಬೇಡಿ ಎಂದು ಹೇಳಿಡಿ.